ಮೆನ್ ಸುದ್ರಿಯ ಬಾತುಗಳು ಪೈರಿಗಿಳಿದದ್ದು

ಹೆಗಲ ಮೇಲೆ ಬಿದಿರಿನ ಗಳು, ಅದರ ತುದಿಯಲ್ಲಿ ಬಿಳಿ ಬಟ್ಟೆಯ ಚೂರು, ಹಿಂದೆ ಬದುವಿನುದ್ದಕ್ಕೂ ಗಲಗಲ ಎನ್ನುವ ಬಾತುಗಳು. ಬಾಲಿಯ ಆ ಇಳಿಜಾರಿನಲ್ಲಿ ಮೆನ್ ಸುದ್ರಿ, ಅಂದರೆ ಸುದ್ರಿಯ ತಾಯಿ, ಬೆಳಗಾದರೆ ಹೀಗೆ ನಡೆಯುತ್ತಿದ್ದಳು. ಹಿಂತಿರುಗಿ ನೋಡುತ್ತಿರಲಿಲ್ಲ. ನೋಡಬೇಕಾದ ಪ್ರಮೇಯವೇ ಬಂದಿರಲಿಲ್ಲ.

ಗಂಡ ತೀರಿಕೊಂಡಾಗ ಮೈದುನ ಹೇಳಿದ್ದ: "ಬಾತು ಕಾಯೋದು ಗಂಡಸರ ಕೆಲಸ ಅತ್ತಿಗೆ. ಮಾರಿಬಿಡಿ." ಗಂಡನ ಬಾತುಗಳು ಅವಳ ಮಾತು ಕೇಳಲಿಲ್ಲವೆಂದು ಅವನ್ನೇನೋ ಮಾರಿದಳು. ಆದರೆ ಗಳು ಉಳಿಸಿಕೊಂಡಳು. ಹೊಸ ಮರಿಗಳನ್ನು ತಂದು, ಅಂಗಳದಲ್ಲಿ ಗಳು ನೆಟ್ಟು, ಅದರ ಬುಡದಲ್ಲೇ ತೌಡು ಕಲಸಿಟ್ಟಳು. ಲೋಕ ಕಾಣುವ ಮೊದಲೇ ಆ ಬಿಳಿ ಬಟ್ಟೆಯನ್ನು ಕಂಡ ಮರಿಗಳಿಗೆ ತಾಯಿಯೆಂದರೆ ಅದೇ ಆಯಿತು. ಕೊಯ್ಲಾದ ಗದ್ದೆಯಲ್ಲಿ ಗಳು ಊರಿ ಬಂದರೆ ಸಂಜೆಯವರೆಗೂ ಬಾತುಗಳು ಅದರ ಸುತ್ತಲೇ ಮೇಯುತ್ತಿದ್ದವು. ಉದುರಿದ ಕಾಳು, ಬಸವನಹುಳು, ಕೂಳೆಯಲ್ಲಿ ಅಡಗಿದ ಕೀಟ ಎಲ್ಲವೂ ಅವುಗಳ ಹೊಟ್ಟೆಗೆ. ಹಿಕ್ಕೆಯೆಲ್ಲ ಕೆಸರಿಗೆ.

ಇಳಿಜಾರಿನವರೆಲ್ಲ ಒಟ್ಟಿಗೇ ನಾಟಿ ಮಾಡಿ ಒಟ್ಟಿಗೇ ಕೊಯ್ಯಬೇಕೆನ್ನುವುದು ನೀರು ಹಂಚುವ ಸಂಘವಾದ ಸುಬಾಕ್‌ನ ಕಟ್ಟಳೆ. ಎಲ್ಲ ಗದ್ದೆಗಳೂ ಒಮ್ಮೆಗೇ ಬರಿದಾದರೆ ಹುಳುಗಳಿಗೆ ತಿನ್ನಲು ಏನೂ ಸಿಗುವುದಿಲ್ಲ. ಅಳಿದುಳಿದದ್ದನ್ನು ಬಾತುಗಳು ಮುಗಿಸುತ್ತವೆ.

ಆ ವರ್ಷ ಮೇಲಿನ ಗದ್ದೆಯ ಪಾನ್ ಕರ್ಸ, ಅಂದರೆ ಕರ್ಸನ ಅಪ್ಪ, ಊರಿಗಿಂತ ಮೊದಲು ಮಾರುಕಟ್ಟೆ ಸೇರುವ ಆಸೆಗೆ ಬಿದ್ದು ಹೊತ್ತಲ್ಲದ ಹೊತ್ತಿನಲ್ಲಿ, ಊರ ಕೊಯ್ಲಿಗೂ ಮೊದಲೇ, ಮುಂದಿನ ಬೆಳೆಯ ನಾಟಿ ಮಾಡಿದ. ಕೆಳಗೆಲ್ಲ ಕೊಯ್ಲು ಮುಗಿದಾಗ ಮನೆ ಕಳೆದುಕೊಂಡ ಕಂದು ಜಿಗಿಹುಳುಗಳೆಲ್ಲ ಅವನ ಒಂದೇ ಒಂದು ಹಸಿರು ಗದ್ದೆಗೆ ಹತ್ತಿದವು. ಪೈರು ಬುಡದಿಂದ ಹಳದಿಯಾಗತೊಡಗಿತು. ಪಾನ್ ಕರ್ಸ ಔಷಧಿ ಡಬ್ಬಿಯನ್ನು ಬೆನ್ನಿಗೇರಿಸಿಕೊಂಡು ಬಂದಾಗ ಬದುವಿನ ಮೇಲೆ ಮೆನ್ ಸುದ್ರಿ ಅಡ್ಡ ನಿಂತಿದ್ದಳು.

"ಕರ್ಸನ ಅಪ್ಪಾ, ಅದನ್ನ ಕೆಳಗಿಳಿಸು."

"ಇಳಿಸಿದ್ರೆ ನನ್ನ ಪೈರು ನೀನು ಉಳಿಸ್ತೀಯಾ ಸುದ್ರಿ ತಾಯಿ? ನಿನ್ನ ಬಾತುಗಳನ್ನ ನಾಲ್ಕು ದಿನ ಮನೇಲಿ ಕೂಡಿಹಾಕು."

"ನಿನ್ನ ಗದ್ದೆ ನೀರೇ ಕೆಳಗಿನ ಗದ್ದೆಗಳಿಗೆಲ್ಲ ಇಳಿಯೋದು. ನನ್ನ ಬಾತು ಮೇಯೋದು ಅಲ್ಲೇ. ಕಪ್ಪೆ, ಜೇಡ ಎಲ್ಲಾ ಸತ್ತಮೇಲೆ ಹುಳು ಮತ್ತೆ ಬಂದ್ರೆ ತಿನ್ನೋರು ಯಾರು, ನೀನಾ?"

ಬದುವಿನ ಮೇಲೆ ಕೂತಿದ್ದ ಅವನ ಹೆಂಡತಿ ನಕ್ಕಳು. "ತಿಂತಾರೆ ಬಿಡಕ್ಕ. ನಾನು ಮಾಡಿ ಹಾಕಿದ್ದನ್ನೇ ತಿನ್ನೋರಿಗೆ ಹುಳು ಯಾವ ಲೆಕ್ಕ!"

"ನನ್ನ ಬಾತುಗಳನ್ನ ಇಳಿಸ್ತೀನಿ," ಎಂದಳು ಮೆನ್ ಸುದ್ರಿ.

"ನಿಂತ ಪೈರಿಗಾ? ತುಳಿದು ಚಾಪೆ ಮಾಡ್ತವೆ!"

"ಬೇರು ಹಿಡಿದಿದೆ, ತೆನೆ ಇನ್ನೂ ಬಂದಿಲ್ಲ. ಸಂಜೆವರೆಗೆ ತಡಿ. ಪೈರು ಹಾಳಾದ್ರೆ ಈ ಇಳಿಜಾರಲ್ಲಿ ಇನ್ನು ನನ್ನ ಬಾತು ಕಾಲಿಡಲ್ಲ."

ಈ ಇಳಿಜಾರು ಬಿಟ್ಟರೆ ಅವಳ ಬಾತುಗಳಿಗೆ ಬೇರೆ ಮೇವಿರಲಿಲ್ಲ. ನಿಂತ ಪೈರಿಗೆ ಅವಳೆಂದೂ ಬಾತು ಬಿಟ್ಟವಳೂ ಅಲ್ಲ.

ರೂಢಿಯಂತೆ ಗದ್ದೆಯ ನಡುವೆ ಗಳು ಊರಿದಳು. ಅದೇ ತಪ್ಪಾಯಿತು. ಬಾತುಗಳ ಕಣ್ಣಿಗೆ ಸುತ್ತಲೂ ಹಸಿರು ಗೋಡೆ. ದೂರ ಸರಿದರೆ ಬಟ್ಟೆ ಕಾಣದೆಂದು ಹೆದರಿ ಎಲ್ಲವೂ ಗಳುವಿನ ಬುಡಕ್ಕೇ ನುಗ್ಗಿದವು. ಅಲ್ಲಿನ ಪೈರು ಮಲಗಿತು. "ಅಯ್ಯಯ್ಯೋ!" ಎಂದು ಪಾನ್ ಕರ್ಸನ ಹೆಂಡತಿ ಎದ್ದು ನಿಂತಳು. ಅವನು ಡಬ್ಬಿಗೆ ಕೈ ಹಾಕಿದ.

ಮೆನ್ ಸುದ್ರಿ ಗಳು ಕಿತ್ತಳು. ಎರಡೂ ಕೈಯಲ್ಲಿ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದು, ಸಾಲುಗಳ ನಡುವೆ ಮೆಲ್ಲಗೆ ಹೆಜ್ಜೆ ಹಾಕಿದಳು. ಆಕಾಶದಲ್ಲಿ ಬಿಳಿ ಬಟ್ಟೆ ಕಂಡದ್ದೇ ಬಾತುಗಳ ಗುಂಪು ಸಡಿಲವಾಯಿತು. ಒಂದೊಂದು ಸಾಲಿಗೆ ಒಂದೊಂದು ಹಿಂಡು ಹೊರಟಿತು. ಕೊಕ್ಕು ತಾಗಿ ಪೈರು ನಡುಗಿದಂತೆಲ್ಲ ಜಿಗಿಹುಳುಗಳು ನೀರಿಗುದುರಿದವು. ಉದುರಿದ್ದು ತೇಲುವಷ್ಟರಲ್ಲಿ ಮಾಯ. ಅವಳು ನಿಂತರೆ ಅವು ಗುಂಪುಗೂಡುತ್ತಿದ್ದವು. ಹಾಗಾಗಿ ನಿಲ್ಲಲೇ ಇಲ್ಲ. ಊಟಕ್ಕೂ ಮೇಲೆ ಬರಲಿಲ್ಲ. ಭುಜ ಮರಗಟ್ಟಿತು, ಬಟ್ಟೆ ಮಾತ್ರ ಕೆಳಗಿಳಿಯಲಿಲ್ಲ.

ಬಿಸಿಲು ಇಳಿದಾಗ ಮಲಗಿದ ಪೈರನ್ನು ಒಂದೊಂದಾಗಿ ಎತ್ತಿ, ಬುಡಕ್ಕೆ ಕೆಸರು ಒತ್ತಿ ನಿಲ್ಲಿಸಿದಳು. ಪಾನ್ ಕರ್ಸ ಅಲ್ಲಲ್ಲಿ ಪೈರಿನ ಬುಡ ಬಿಡಿಸಿ ನೋಡುತ್ತ ಗದ್ದೆ ಸುತ್ತಿ ಬಂದ.

"ಇನ್ನೂ ಒಂದೆರಡು ಇವೆಯಲ್ಲ," ಎಂದ. ದನಿಯಲ್ಲಿ ಬೆಳಗಿನ ಬಿಗುವಿರಲಿಲ್ಲ.

"ಇರ್ಲಿ ಬಿಡು. ಜೇಡಕ್ಕೂ ಹೊಟ್ಟೆ ಇಲ್ವಾ?"

ಅವನು ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟ. "ನಾಳೆ ಬರ್ತೀಯಾ?"

"ಬರ್ತೀನಿ. ಮುಂದಿನ ಸಲ ಮಾತ್ರ ಊರ ಜೊತೆ ನಾಟಿ ಮಾಡು."

"ಅದನ್ನ ನನಗೆ ಬಿಡಕ್ಕ," ಎಂದಳು ಹೆಂಡತಿ.

ಮುಂದಿನ ನಾಟಿಯ ದಿನ ಗೊತ್ತುಮಾಡಲು ಸುಬಾಕ್ ಸೇರಿದಾಗ ಮೊದಲ ಬಾರಿಗೆ ಮೆನ್ ಸುದ್ರಿಗೂ ಕರೆ ಬಂತು. ಗಂಡಸರ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಳು. ನೀರು ಬಿಡುವ ಮಾತು ಬಂದಾಗ ಹಿರಿಯ ಅವಳತ್ತ ತಿರುಗಿ ಕೇಳಿದ: "ಬಾತುಗಳಿಗೆ ಗದ್ದೆ ಎಷ್ಟು ದಿನ ಬೇಕಮ್ಮಾ?"

"ಕೂಳೆ ಪೂರ್ತಿ ಕೊಳೆಯೋವರೆಗೆ. ಅದಕ್ಕಿಂತ ಮುಂಚೆ ಯಾರೂ ನೇಗಿಲು ಇಳಿಸಬಾರದು."

ಯಾರೂ ಚೌಕಾಸಿ ಮಾಡಲಿಲ್ಲ. ಪಾನ್ ಕರ್ಸ ಎಲ್ಲರಿಗಿಂತ ಮೊದಲು ತಲೆಯಾಡಿಸಿದ.