ಹಿಂದಿನ ತಾರೀಖಿನ ಒಪ್ಪಿಗೆ

ಬೆಳಕು ಹರಿಯುವುದರೊಳಗೆ ಅವಳು ಮುಗಿಸಬೇಕಾದ ಕೆಲಸಗಳು ಇವು: ಅತ್ತೆಯನ್ನು ಎಬ್ಬಿಸಿ ಕೂರಿಸಿ ಒದ್ದೆ ಹಾಸಿಗೆ ಬದಲಿಸುವುದು. ಮೈ ಒರೆಸಿ ಬೇರೆ ಬಟ್ಟೆ ತೊಡಿಸುವುದು. ನಾಚಿಕೆಗೆ ಅತ್ತೆ ಎಲ್ಲೋ ಅಡಗಿಸಿಟ್ಟ ಬಟ್ಟೆಯನ್ನು ಮೂಗಿನ ಜಾಡು ಹಿಡಿದು ಹುಡುಕುವುದು. ಇವತ್ತು ಅದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದ್ದರಿಂದ ಅಕ್ಕಿ ಚೆಲ್ಲಿ ಡಬ್ಬಿ ತೊಳೆಯುವುದು. ಹಾಲು ಕಾಯಿಸುವುದು, ಮಾತ್ರೆ ನುಂಗಿಸುವುದು, ಗಂಡನ ಅಂಗಿ ಇಸ್ತ್ರಿ ಮಾಡುವುದು, ಪಲ್ಯಕ್ಕೆ ಹೆಚ್ಚುವುದು. ಹೆಚ್ಚುತ್ತಲೇ ಆ ದಿನದ ಪಾಠವನ್ನು ಮನಸ್ಸಿನಲ್ಲಿ ಓಡಿಸುವುದು.

ಪಾಠ ಒಪ್ಪಿಗೆಯದು. ಸಂಶೋಧನಾ ಸಂಸ್ಥೆಗೆ ಹೊಸದಾಗಿ ಸೇರಿದವರಿಗೆ ನೀತಿ ಕಲಿಸುವುದು ಅವಳ ಉದ್ಯೋಗ. ಯಾರನ್ನು ಅಧ್ಯಯನ ಮಾಡುತ್ತೀರೋ ಅವರನ್ನು ಮೊದಲು ಕೇಳಿ, ಇಲ್ಲದ ಅಂಕಿ ಹುಟ್ಟಿಸಬೇಡಿ, ಇನ್ನೊಬ್ಬರ ದುಡಿಮೆಗೆ ನಿಮ್ಮ ಹೆಸರು ಅಂಟಿಸಬೇಡಿ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು ‘ಒಪ್ಪಿಗೆ ಮೇಡಂ’ ಎನ್ನುತ್ತಿದ್ದರು. ಗಂಡ ಅದೇ ಸಂಸ್ಥೆಯಲ್ಲಿ ಪ್ರೊಫೆಸರ್. ಮುಂದಿನ ನಿರ್ದೇಶಕರು ಅವರೇ ಎಂದು ಜವಾನರಿಗೂ ಗೊತ್ತಿತ್ತು.

ಆ ಬೆಳಿಗ್ಗೆ ಅವರು ಒಂದು ಹಾಳೆ ತಂದು ಒಲೆಯ ಪಕ್ಕ ಇಟ್ಟರು.

“ಇಲ್ಲೊಂದು ಸಹಿ ಹಾಕು. ಅಮ್ಮನ ಮೇಲೆ ಬರೆದ ಪ್ರಬಂಧಕ್ಕೆ.”

“ಅಮ್ಮನ ಮೇಲೆ ಯಾವ ಪ್ರಬಂಧ?”

“ಮರೆವಿನ ರೋಗಿಗಳ ಮನೆ ಆರೈಕೆ ಬಗ್ಗೆ. ಸಂಶೋಧನಾ ಪತ್ರಿಕೆಯವರು ಅಚ್ಚು ಹಾಕೋಕೆ ಒಪ್ಕೊಂಡಿದ್ದಾರೆ. ಒಪ್ಪಿಗೆ ಪತ್ರ ಕೇಳ್ತಿದ್ದಾರೆ. ಅಮ್ಮನಿಗೆ ತಿಳಿಯಲ್ಲ, ಅದಕ್ಕೆ ನೋಡ್ಕೊಳ್ಳೋರು ಹಾಕ್ಬೇಕಂತೆ. ತಾರೀಖು ಹೋದ ವರ್ಷದ್ದು ಹಾಕು, ಅಧ್ಯಯನ ಶುರುವಾಗೋಕೆ ಮುಂಚಿನದು.”

ನೋಡಿಕೊಳ್ಳುವವಳು! ಇಷ್ಟು ವರ್ಷದಲ್ಲಿ ಆ ಪದವಿ ಅವಳಿಗೆ ಸಿಕ್ಕಿದ್ದು ಇದೇ ಮೊದಲು, ಅದೂ ಸಹಿ ಬೇಕಾದಾಗ.

“ನಾನು ಇವತ್ತು ಕ್ಲಾಸಲ್ಲಿ ಏನು ಹೇಳ್ಕೊಡ್ತೀನಿ ಗೊತ್ತೇನ್ರೀ?”

“ಅದು ಕ್ಲಾಸು, ಇದು ಮನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಚಹಾ ಆಯ್ತಾ?”

ಸಂಸ್ಥೆಗೆ ಹೋದವಳೇ ಗಂಡನ ಸಹಾಯಕನಿಂದ ಪ್ರಬಂಧ ತರಿಸಿಕೊಂಡು ಓದಿದಳು. ‘ರಾತ್ರಿಯ ವೇಳೆ ಸಂಶೋಧಕನು ಗಮನಿಸಿದಂತೆ...’ ರಾತ್ರಿಯ ವೇಳೆ ಸಂಶೋಧಕನು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದನಲ್ಲ! ‘ರೋಗಿಯು ಮಲಿನ ಬಟ್ಟೆಗಳನ್ನು ಅಡುಗೆಮನೆಯಲ್ಲಿ ಬಚ್ಚಿಡುತ್ತಾಳೆ. ಆರೈಕೆ ಮಾಡುವವಳನ್ನು ತನ್ನ ಸತ್ತ ಅಕ್ಕನೆಂದು ತಿಳಿಯುತ್ತಾಳೆ.’ ಪ್ರತಿಯೊಂದು ಮಾತೂ ಅವಳದೇ. ಊಟಕ್ಕೆ ಕೂತಾಗ ಸುಸ್ತಾಗಿ, ಅರ್ಧ ಅಳುತ್ತ ಅರ್ಧ ನಗುತ್ತ ಗಂಡನಿಗೆ ಹೇಳಿಕೊಂಡದ್ದು. ಅವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, “ಆಮೇಲೆ? ಆಮೇಲೇನಾಯ್ತು?” ಎಂದು ಕೇಳುತ್ತಿದ್ದರು. ಮದುವೆಯಾದ ಮೇಲೆ ಮೊದಲ ಸಲ ಈ ಮನುಷ್ಯ ತನ್ನ ಮಾತಿಗೆ ಕಿವಿಗೊಡುತ್ತಿದ್ದಾನೆ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಆ ಹಿಗ್ಗು ನೆನಪಾಗಿ ಈಗ ಮೈಯೆಲ್ಲ ಉರಿಯಿತು. ಕೈ ಕೆಸರಾದದ್ದು ಒಬ್ಬಳದು, ಬಾಯಿ ಮೊಸರಾದದ್ದು ಇನ್ನೊಬ್ಬನದು.

ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. “ಮೇಡಂ, ಮೊದಲೇ ಕೇಳೋಕೆ ಮರೆತುಹೋದ್ರೆ ಆಮೇಲೆ ಸಹಿ ಹಾಕಿಸ್ಕೊಳ್ಬಹುದಲ್ವಾ?”

“ಯಾರದೋ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ಮೇಲೆ, ‘ಇಳೀತೀಯೇನಪ್ಪಾ’ ಅಂತ ಕೇಳ್ತೀಯಾ?”

ತರಗತಿ ನಕ್ಕಿತು. ಅವಳು ನಗಲಿಲ್ಲ. ಹುಡುಗಿ ಮೆಲ್ಲಗೆ ಕೈ ಇಳಿಸಿದಳು.

ಮಧ್ಯಾಹ್ನ ನಾದಿನಿಯ ಫೋನು. “ಅತ್ತಿಗೆ, ಅಣ್ಣ ಹೇಳಿದ. ಒಂದು ಸಹಿ ತಾನೇ? ಅವನು ನಿರ್ದೇಶಕ ಆಗೋ ಹೊತ್ತಲ್ಲಿ ಯಾಕೆ ಅಡ್ಡಗಾಲು ಹಾಕ್ತೀರಿ?”

“ಆಯ್ತು, ನೀನೇ ಹಾಕು. ‘ನೋಡ್ಕೊಳ್ಳೋರು’ ಅಂತಿದೆ. ಅಮ್ಮನ್ನ ಒಂದು ತಿಂಗಳು ಕರ್ಕೊಂಡು ಹೋಗಿ ನೋಡ್ಕೊ, ಆಮೇಲೆ ಹಾಕು.”

“ಅಯ್ಯೋ, ನಮ್ಮನೇಲಿ ಜಾಗ ಎಲ್ಲಿದೆ ಅತ್ತಿಗೆ?”

“ಕಾಗದದ ಮೇಲೆ ಮಾತ್ರ ಜಾಗ ಇದೆ, ಅಲ್ವಾ?” ಎಂದು ಫೋನು ಇಟ್ಟಳು.

ಸಂಜೆ ಬಂದಾಗ ಹಗಲು ನೋಡಿಕೊಳ್ಳುವ ಹೆಂಗಸು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಗಂಡ ವಾಕಿಂಗ್‌ಗೆ ಹೋಗಿದ್ದರು. ಹಾಳೆ ಊಟದ ಮೇಜಿಗೆ ಬಂದು ಕೂತಿತ್ತು. ಮೇಲೊಂದು ಪೆನ್ನು, ಮುಚ್ಚಳ ಕೂಡ ತೆಗೆದಿಟ್ಟದ್ದು. ಈ ಮನೆಯಲ್ಲಿ ಅವಳ ಕೆಲಸವನ್ನು ಯಾರಾದರೂ ಹಗುರ ಮಾಡಿದ್ದುಂಟಾದರೆ ಅದು ಈ ಮುಚ್ಚಳ.

ಅತ್ತೆ ಕಿಟಕಿಯ ಬಳಿ ತಲೆ ಕೆದರಿಕೊಂಡು ಕೂತಿದ್ದರು. ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ ತಲೆ ಬಾಚದೆ ಹಾಲಿನವನ ಮುಂದೆಯೂ ನಿಂತವರಲ್ಲ. ಸೊಸೆಗೆ ಬಾಯಿ ತೆರೆದರೆ ಕುಟುಕುತ್ತಿದ್ದ ಬಿರುಸಿನ ಹೆಂಗಸು. ಈಗ ಒದ್ದೆ ಬಟ್ಟೆಯ ಮುದ್ದೆಯೊಂದನ್ನು ಮಡಿಲಲ್ಲಿ ಮುಚ್ಚಿಕೊಂಡು ಅವಳ ಕೈ ಹಿಡಿದರು.

“ಅಕ್ಕಾ, ಯಾರಿಗೂ ಹೇಳ್ಬೇಡ ಕಣೇ.”

“ಇಲ್ಲ, ಹೇಳಲ್ಲ,” ಎಂದಳು. ದಿನವೂ ಹೀಗೇ ಅನ್ನುತ್ತಿದ್ದಳು. ಹೇಳಿದ್ದು ಒಬ್ಬರಿಗೇ, ಈ ಮುದುಕಿ ಹೆತ್ತ ಮಗನಿಗೆ. ಅವನು ಲೋಕಕ್ಕೆಲ್ಲ ಹೇಳಹೊರಟಿದ್ದ.

ಮೇಜಿನ ಮುಂದೆ ಕೂತಳು. ಸಹಿ ಹಾಕಿದರೆ ಊಟ ಎಂದಿನಂತೆ ನಡೆಯುತ್ತದೆ, ಗಂಡ ದೊಡ್ಡ ಕುರ್ಚಿ ಏರುತ್ತಾರೆ, ನಾಳೆ ಬೆಳಿಗ್ಗೆ ಆ ಹುಡುಗಿಯ ಮುಂದೆ ಅವಳು ಮತ್ತೆ ಒಪ್ಪಿಗೆಯ ಪಾಠ ಹೇಳುತ್ತಾಳೆ. ಹಾಕದಿದ್ದರೆ ಕುರ್ಚಿ ಹೋಗುತ್ತದೆ. ಅದನ್ನು ಕಳೆದವಳು ಎಂಬ ಮಾತು ಈ ಮನೆಯಲ್ಲಿ ಅವಳು ಸಾಯುವವರೆಗೂ ಸಾಯುವುದಿಲ್ಲ. ತಾರೀಖಿನ ಜಾಗದಲ್ಲಿ ಆ ದಿನದ ತಾರೀಖು ಬರೆದಳು. ಕೆಳಗೆ ಬರೆದಳು: ‘ಅಧ್ಯಯನಕ್ಕೆ ಮೊದಲು ನಮ್ಮನ್ನು ಯಾರೂ ಕೇಳಿಲ್ಲ. ಕೇಳಿದ್ದು ಇವತ್ತು. ಒಪ್ಪಿಗೆ ಇಲ್ಲ.’ ಸಹಿ ಹಾಕಿದಳು.

ಅದನ್ನು ಗಂಡನಿಗೆಂದು ಮೇಜಿನ ಮೇಲೆ ಬಿಡಬಹುದಿತ್ತು. ಬಿಟ್ಟರೆ ಅದು ಹರಿದುಹೋಗುತ್ತದೆ, ಇನ್ನೊಂದು ಹಾಳೆ ಬರುತ್ತದೆ, ಬೇರೊಬ್ಬರ ಸಹಿ ಬೀಳುತ್ತದೆ. ಫೋನಿನಲ್ಲಿ ಅದರ ಚಿತ್ರ ತೆಗೆದು ಪ್ರಬಂಧದ ಮೇಲಿದ್ದ ಪತ್ರಿಕೆಯ ವಿಳಾಸಕ್ಕೆ ಕಳಿಸಿಬಿಟ್ಟಳು.

ಗೇಟಿನ ಸದ್ದಾಯಿತು. ಅವಳು ಚಹಾಕ್ಕೆ ನೀರಿಡಲು ಏಳಲಿಲ್ಲ. ಬಾಚಣಿಗೆ ಹುಡುಕಿ ತಂದು, ಅತ್ತೆಯ ಹಿಂದೆ ಕೂತು, ಸಿಕ್ಕು ಬಿಡಿಸತೊಡಗಿದಳು.