ಎತ್ತುಗಳಿಗೆ ಹೇಳಿದ ಹಾಡು

ನಮ್ಮಪ್ಪ ಸ್ಕೂಲು ಮೇಷ್ಟರು. ಯಾವ ಪದ್ಯ ಓದಿಸಿದರೂ ಕೊನೆಗೆ "ಇದರ ಒಳಗೇನಿದೆ ಹೇಳು" ಎಂದು ಕೇಳುತ್ತಿದ್ದರು. ಹಾಗಾಗಿ ನನಗೊಂದು ಚಟ ಅಂಟಿಕೊಂಡಿತ್ತು. ಕತೆಯಲ್ಲಿ ಮಳೆ ಬಂದರೆ ಅದನ್ನು ಬರೀ ಮಳೆಯಾಗಿರಲು ನಾನು ಬಿಡುತ್ತಿರಲಿಲ್ಲ. ಮದುವೆಯಾಗಿ ಅನುಗೊಂಡನಹಳ್ಳಿಯ ಒಕ್ಕಲು ಮನೆಗೆ ಬಂದಾಗ ಟ್ರಂಕಿನಲ್ಲಿ ಸೀರೆಗಳ ಜೊತೆ ನಾಲ್ಕು ಕಾದಂಬರಿಗಳೂ ಬಂದವು, ಚಟವೂ ಬಂತು.

ನನ್ನ ಮಾತನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದವಳು ನಾದಿನಿ ಒಬ್ಬಳೇ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಕೋಳಿ ಕೂಗುವ ಹೊತ್ತಿಗೆ ಇಬ್ಬರೂ ಬೀಸುವ ಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದೆವು. ಬೀಸುವಾಗ ಯಾರು ಏನು ಬೇಕಾದರೂ ಹಾಡಬಹುದಿತ್ತು. ಅತ್ತೆಯ ಕಾಟ, ಗಂಡನ ಸಿಡುಕು, ತವರಿನವರ ಮರೆವು, ಎಲ್ಲವೂ ಪದಗಳಲ್ಲಿ ಬರುತ್ತಿದ್ದವು. ನಮ್ಮತ್ತೆ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತ ಕೇಳುತ್ತಿದ್ದರು. ಹಿಟ್ಟು ಬಳಿದು ಎದ್ದ ಮೇಲೆ ಮಾತ್ರ, ಯಾಕೆ ಹಾಗೆ ಹಾಡಿದೆ ಎಂದು ಯಾರೂ ಯಾರನ್ನೂ ಕೇಳುವಂತಿರಲಿಲ್ಲ. ಸುತ್ತಮುತ್ತಲ ಮನೆಗಳಲ್ಲೆಲ್ಲ ಅದೇ ಕಟ್ಟುಪಾಡು.

ಆ ವರ್ಷ ಹೊಸಕೋಟೆಗೆ ಟೆಂಟ್ ಸಿನಿಮಾ ಬಂತು. ಗಾಡಿ ಕಟ್ಟಿಸಿಕೊಂಡು ಹೆಂಗಸರೆಲ್ಲ ಹೋದೆವು. ಚಿತ್ರದಲ್ಲಿ ಮದುವೆಯಾದ ಹುಡುಗಿ ಗಾಡಿಯಲ್ಲಿ ಕೂತು, ಊರು ದಾಟಬೇಡಿ, ತಿರುಗಿ ನಡೆಯಿರಿ ಎಂದು ಎತ್ತುಗಳನ್ನು ಬೇಡಿಕೊಳ್ಳುವ ಹಾಡೊಂದಿತ್ತು. ಟೆಂಟಿನಲ್ಲಿದ್ದ ಹೆಂಗಸರೆಲ್ಲ ಸೆರಗಿನಿಂದ ಮೂಗು ಒರೆಸಿಕೊಂಡರು.

ವಾಪಸು ಬರುವಾಗ ಗಾಡಿ ಹೊಡೆಯುವ ಆಳು, "ಅಷ್ಟುದ್ದ ರಾಗ ಎಳೆದ್ರೆ ಯಾವ ಎತ್ತು ತಿರುಗ್ತದಮ್ಮಣ್ಣಿ? ಹಗ್ಗ ಜಗ್ಗಿದ್ರೆ ಸಾಕಿತ್ತು" ಎಂದ. ಎಲ್ಲರೂ ನಕ್ಕರು. ನಾನು ಸುಮ್ಮನಿರಬೇಕಲ್ಲ!

"ಅದು ಎತ್ತಿಗೆ ಹೇಳಿದ್ದಲ್ಲ ಕಣೋ. ಅವಳ ಅಪ್ಪನಿಗೆ ಹೇಳಿದ್ದು. ಈ ಸಂಬಂಧ ನಂಗೆ ಬೇಡ ಅಂತ ಬಾಯಿಬಿಟ್ಟು ಹೇಳಕ್ಕಾಗಲ್ಲ, ಅದಕ್ಕೇ ಎತ್ತಿನ ನೆಪ" ಎಂದೆ.

ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡರು.

ಅದಾಗಿ ತಿಂಗಳಿಗೆ ನಾದಿನಿಗೆ ದೇವನಹಳ್ಳಿ ಕಡೆಯ ಸಂಬಂಧ ಕೂಡಿಬಂತು. ಗಂಡಿನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಹೊಲ, ತೋಟ, ಎರಡು ಬಾವಿ ಇದ್ದವು. ವಯಸ್ಸೂ ಇತ್ತು. ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಮಾರನೆಯ ಬೆಳಗಿನಿಂದ ಅವಳು ಕಲ್ಲಿನ ಮುಂದೆ ಹಳೆಯ ಪದಗಳನ್ನು ಬಿಟ್ಟು ಆ ಸಿನಿಮಾ ಹಾಡನ್ನೇ ಹಿಡಿದಳು. ಅದರ ನಿಧಾನದ ಧಾಟಿಗೆ ಕಲ್ಲೂ ನಿಧಾನವಾಯಿತು. ಹೊತ್ತು ಏರಿದರೂ ಹಿಟ್ಟು ಸಾಲುತ್ತಿರಲಿಲ್ಲ.

ವೀಳ್ಯಶಾಸ್ತ್ರಕ್ಕೆ ಗಂಡಿನವರು ಬರುವ ಹಿಂದಿನ ದಿನ, ಹಿಟ್ಟು ಬಳಿಯುತ್ತಿದ್ದ ನನ್ನ ಮುಂದೆ ಅತ್ತೆ ಬಂದು ಕುಕ್ಕರಗಾಲಲ್ಲಿ ಕೂತರು. ನಾದಿನಿ ಅಲ್ಲೇ ಮೊರ ಹಿಡಿದು ನಿಂತಿದ್ದಳು.

"ನಮ್ ಪದ ಆಗಿದ್ರೆ ನಾನ್ ಕೇಳ್ತಿರ್ಲಿಲ್ಲ ಕಣಮ್ಮ. ಇದು ಹೊರಗಿಂದ ಬಂದಿರೋ ಹಾಡು. ಓದಿರೋಳು ನೀನು. ಅವತ್ತು ಗಾಡೀಲಿ ಏನೋ ಒಳಗಿನ ಅರ್ಥ ಹೇಳಿದ್ದೆ. ಅದು ಹೌದಾ? ನಿಮ್ಮಾವ ಇನ್ನೂ ಮಾತು ಕೊಟ್ಟಿಲ್ಲ. ಹೇಳೋದಾದ್ರೆ ಈಗ್ಲೇ ಹೇಳು."

ಈಗ ಯೋಚಿಸಿದರೆ ತಿಳಿಯುತ್ತದೆ, ಆ ಮುದುಕಿ ಮಗಳಿಗಾಗಿ ಕಟ್ಟುಪಾಡನ್ನೇ ಮುರಿದು ನನ್ನ ಹತ್ತಿರ ಬಂದಿದ್ದರು. ನಾನು ಹೌದು ಎಂದಿದ್ದರೆ ಸಾಕಾಗಿತ್ತು. ಆದರೆ ಬಂದು ವರ್ಷವಾಗದ ಸೊಸೆ ಮದುವೆ ಮುರಿಸಿದಳು ಎಂದು ಊರು ಆಡಿಕೊಳ್ಳುವುದು ನನ್ನ ಕಣ್ಣ ಮುಂದೆ ಬಂತು. ನನಗೆ ಹೆದರಿಕೆಯಾಯಿತು.

"ಇಲ್ಲ ಅತ್ತೆ, ಬಾಯಿಗೆ ಬಂದಿದ್ದು ಆಡಿದ್ದೆ. ಎತ್ತು ಅಂದ್ರೆ ಎತ್ತೇ. ಧಾಟಿ ಚೆನ್ನಾಗಿದೆ ಅಂತ ಹಾಡ್ತಾಳೆ, ಅಷ್ಟೇ" ಎಂದೆ.

ಅತ್ತೆ ಎದ್ದು ಹೋದರು. ನಾದಿನಿ ಮೊರದಲ್ಲಿದ್ದ ರಾಗಿಯನ್ನು ಕೇರತೊಡಗಿದಳು. ಮಾರನೆಯ ದಿನ ವೀಳ್ಯ ಬದಲಾಯಿತು. ಮದುವೆಯವರೆಗೂ ನಾವು ದಿನಾ ಎದುರುಬದುರು ಕೂತು ಬೀಸಿದೆವು, ಅವಳು ಮತ್ತೆ ಬಾಯಿ ತೆರೆಯಲಿಲ್ಲ. ನಾನೊಬ್ಬಳೇ ಹಾಡಲು ಹೋಗಿ ಸಾಲು ಮರೆಯುತ್ತಿದ್ದೆ. ಹಿಟ್ಟು ಮಾತ್ರ ಬೇಗ ಬೇಗ ಆಗುತ್ತಿತ್ತು.

ಹೆಣ್ಣು ಒಪ್ಪಿಸಿಕೊಟ್ಟು ಗಾಡಿ ಹತ್ತಿಸುವಾಗ ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿ ತುಂಬಿದವಳು ನಾನೇ. ಸುತ್ತ ಹೆಂಗಸರು ಗೋಳೋ ಎಂದು ಅಳುತ್ತಿದ್ದರು, ಅವಳು ಅಳಲಿಲ್ಲ. ಕೊಂಬಿಗೆ ಹೂ ಕಟ್ಟಿದ್ದ ಎತ್ತುಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಎತ್ತು ಅಂದ್ರೆ ಎತ್ತೇ ಅಲ್ವಾ, ಅತ್ತಿಗೆ?"

ಪಕ್ಕದಲ್ಲಿ ಅತ್ತೆ ನಿಂತಿದ್ದರು. ನಾನು ಹೂಂ ಎಂದೆ.