ನಾಲ್ಕು ಬೆರಳುದ್ದದ ಕಡ್ಡಿ

ಮಲಯಾಳಿಗಳೇ ತುಂಬಿದ್ದ ಏಲೂರಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಕನ್ನಡದವರೆಂದರೆ ನಾವು ಮತ್ತು ಪಕ್ಕದ ಮನೆಯವರು. ಆ ಮನೆಯ ಹುಡುಗಿ ದೀಪಾವಳಿಯ ರಾಕೆಟ್ಟನ್ನು ಹಚ್ಚುವ ಮೊದಲು ತೋರುಬೆರಳಿನ ಮೇಲೆ ಅಡ್ಡ ಇಟ್ಟು, ಎಲ್ಲಿ ಸಮ ನಿಲ್ಲುತ್ತದೆಂದು ನೋಡುತ್ತಿದ್ದಳು. ಬೆಂಕಿಪೊಟ್ಟಣ ಹಿಡಿದು ನಾನು ಅವಸರ ಮಾಡಿದರೆ, "ತಡಿಯೋ, ತೂಗಿ ನೋಡೋಣ" ಎನ್ನುವಳು. ಅವಳ ರಾಕೆಟ್ಟುಗಳು ತೆಂಗಿನಮರ ದಾಟಿ ನೆಟ್ಟಗೆ ಹೋಗುತ್ತಿದ್ದವು. ನನ್ನವು ಚರಂಡಿಗೆ ಬೀಳುತ್ತಿದ್ದವು.

ಒಂದು ವರ್ಷ ಹೊಟ್ಟೆಕಿಚ್ಚು ತಡೆಯಲಾರದೆ, ಅವಳು ತೂಗಿಟ್ಟ ರಾಕೆಟ್ಟಿನ ಕಡ್ಡಿಯ ತುದಿಯನ್ನು ಮುರಿದು ಎಸೆದೆ. ಹಚ್ಚಿದ್ದೇ ಅದು ಓರೆಯಾಗಿ ಹಾರಿ, ನಾವು ಚೇಚಿ ಎನ್ನುತ್ತಿದ್ದ ಎದುರುಮನೆಯ ಮಲಯಾಳಿ ಅಕ್ಕ ಒಣಹಾಕಿದ್ದ ಹೊಸ ಸೀರೆಯನ್ನು ಸುಟ್ಟಿತು. "ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದು ಅವಳ ಅಪ್ಪ ಎಲ್ಲರೆದುರು ಹೊಡೆದರು. ನಾನು ಬಾಯಿ ಬಿಡಲಿಲ್ಲ. ಮರುದಿನ ಸಂಜೆ ಅವಳೇ ಬಂದು ನನ್ನನ್ನು ಆಟಕ್ಕೆ ಕರೆದಳು.

ನಾನು ಹೈಸ್ಕೂಲಿಗೇ ಓದು ನಿಲ್ಲಿಸಿದೆ. ಅವಳು ಕಳಮಶ್ಶೇರಿಯಲ್ಲಿ ಕಾಲೇಜು ಓದಿ, ತಿರುವನಂತಪುರಕ್ಕೆ ಹೋಗಿ ನಿಜವಾದ ರಾಕೆಟ್ಟುಗಳನ್ನು ಕಟ್ಟಿದಳು. ಆ ಕೆಲಸಕ್ಕೆ ಸೇರಿದ ಮೊದಮೊದಲ ಹೆಂಗಸರಲ್ಲಿ ಒಬ್ಬಳು. ಕಳೆದ ತಿಂಗಳು ವೈಟ್ಟಿಲದಲ್ಲಿ ತಿರುವನಂತಪುರದ ಬಸ್ಸು ಹತ್ತಿ ಅವಳ ಮನೆಗೆ ಹೋಗಿ, ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ.

ಅವಳು ನಕ್ಕಳು. "ಮುರಿದ ತುಂಡು ಅವತ್ತೇ ನಿಮ್ಮನೆ ಮೆಟ್ಟಿಲ ಹತ್ರ ಸಿಕ್ಕಿತ್ತು ಕಣೋ. ಅಳೆದೂ ನೋಡಿದ್ದೆ. ನಾಲ್ಕು ಬೆರಳು ಉದ್ದ."

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಆಮೇಲೆ ಆಟಕ್ಕೆ ಬರ್ತಿದ್ಯಾ? ಆ ಕ್ವಾರ್ಟರ್ಸಲ್ಲಿ ನನ್ ಜೊತೆ ಕನ್ನಡ ಮಾತಾಡೋ ಮಕ್ಕಳು ಇನ್ಯಾರಿದ್ರು?"